ಡಾಕ್ಟರ್, ನರ್ಸ್ ಬಿಟ್ಟರೆ ಬೇರೇನು? ಪ್ರೌಢಶಾಲೆಯ ಮಕ್ಕಳಿಗೆ ಆರೋಗ್ಯ ಕ್ಷೇತ್ರದ ಪರಿಚಯ

ಪ್ರಶ್ನೆ: ನಾನು ಉಡುಪಿ ಜಿಲ್ಲೆಯ ಬ್ರಹ್ಮಾವರದ ಸಮೀಪದ ಸರಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಮುಂದೆ ಏನಾಗುತ್ತೀರಿ ಎಂದು ಮಕ್ಕಳನ್ನು ಕೇಳಿದರೆ ಆರೋಗ್ಯ ಕ್ಷೇತ್ರದ ಮಟ್ಟಿಗೆ ಎರಡೇ ಉತ್ತರ ಬರುತ್ತವೆ: ಡಾಕ್ಟರ್ ಅಥವಾ ನರ್ಸ್. ಮಣಿಪಾಲ, ಮಂಗಳೂರು, ದೇರಳಕಟ್ಟೆ ಎಂದು ಸುತ್ತಲೂ ಇಷ್ಟೊಂದು ಕಾಲೇಜುಗಳಿದ್ದರೂ ಅಲ್ಲಿ ಏನು ಕಲಿಸುತ್ತಾರೆ ಎಂಬುದು ಮಕ್ಕಳಿಗೂ ಗೊತ್ತಿಲ್ಲ, ಪೋಷಕರಿಗೂ ಗೊತ್ತಿಲ್ಲ. ವರ್ಷಕ್ಕೊಮ್ಮೆ ವೃತ್ತಿ ಮಾರ್ಗದರ್ಶನ ಶಿಬಿರ ಮಾಡಿಸುತ್ತೇವೆ. ಅದು ಸಾಕೇ? ರಕ್ತ ಕಂಡರೆ ತಲೆ ತಿರುಗುವ ಮಕ್ಕಳಿಗೆ ಈ ಕ್ಷೇತ್ರವನ್ನು ಸೂಚಿಸಬಹುದೇ? ಹಣವಿಲ್ಲದ ಮನೆಗಳಿಗೆ ಏನು ಹೇಳಬೇಕು?

ಉತ್ತರ: ಶಿಬಿರವೊಂದೇ ಸಾಕಾಗದು. ಅದರಲ್ಲಿ ಕೋರ್ಸುಗಳ ಹೆಸರು, ಅವಧಿ, ಪ್ರವೇಶ ಪರೀಕ್ಷೆಗಳ ಪಟ್ಟಿ ತೆರೆಯ ಮೇಲೆ ಸರಿಯುತ್ತ ಹೋಗುತ್ತದೆ. ಹದಿನಾಲ್ಕರ ವಯಸ್ಸಿನ ಮಕ್ಕಳ ಮನಸ್ಸಿನಲ್ಲಿ ಅಂಥ ಪಟ್ಟಿ ನಿಲ್ಲುವುದಿಲ್ಲ, ಕಣ್ಣಾರೆ ಕಂಡ ಕೆಲಸ ನಿಲ್ಲುತ್ತದೆ. ಆದುದರಿಂದ ಮೊದಲು ಕೆಲಸವನ್ನು ತೋರಿಸಿ, ಕೋರ್ಸಿನ ಹೆಸರನ್ನು ಆಮೇಲೆ ಹೇಳಿ ಎಂಬುದು ನನ್ನ ಸಲಹೆ. ಇದನ್ನು ಎಂಟನೆಯ ಮತ್ತು ಒಂಬತ್ತನೆಯ ತರಗತಿಯಲ್ಲೇ ಮಾಡಬೇಕು. ಹತ್ತನೆಯ ತರಗತಿಗೆ ಪರೀಕ್ಷೆಯ ಒತ್ತಡದಲ್ಲಿ ಇದಕ್ಕೆ ಬಿಡುವಿರುವುದಿಲ್ಲ. ಫಲಿತಾಂಶ ಬಂದ ಕೆಲವೇ ವಾರಗಳಲ್ಲಿ ಪಿಯುಸಿಯ ವಿಷಯಗಳನ್ನು ಆರಿಸಿಕೊಳ್ಳಬೇಕಾಗುತ್ತದೆ. ಆಗ ಜೀವಶಾಸ್ತ್ರವನ್ನು ಕೈಬಿಟ್ಟ ವಿದ್ಯಾರ್ಥಿಗೆ ಎಂ.ಬಿ.ಬಿ.ಎಸ್. ಮಾತ್ರವಲ್ಲ, ಆಯುರ್ವೇದ, ಬಿ.ಎಸ್ಸಿ. ನರ್ಸಿಂಗ್, ಫಿಸಿಯೋಥೆರಪಿ ಮುಂತಾದ ಹೆಚ್ಚಿನ ದಾರಿಗಳು ಒಮ್ಮೆಲೇ ಇಕ್ಕಟ್ಟಾಗುತ್ತವೆ. ಗಣಿತ ತೆಗೆದುಕೊಂಡವರಿಗೆ ಫಾರ್ಮಸಿ ತೆರೆದಿರುತ್ತದೆ, ಕಲಾ ಮತ್ತು ವಾಣಿಜ್ಯ ವಿಭಾಗದವರಿಗೂ ಮೂರು ವರ್ಷಗಳ ಜಿ.ಎನ್.ಎಂ. ನರ್ಸಿಂಗ್ ಡಿಪ್ಲೊಮಾಕ್ಕೆ ಅವಕಾಶವಿದೆ. ಆದರೆ ಇವುಗಳ ಪರಿಚಯವೂ ಆಯ್ಕೆಗೆ ಮೊದಲೇ ಆಗಿರಬೇಕು.

ಕೆಲಸವನ್ನು ತೋರಿಸಲು ಅತ್ಯುತ್ತಮ ಮಾರ್ಗವೆಂದರೆ ನಮ್ಮ ಊರಿನ ಒಂದು ಕಾಯಿಲೆಯನ್ನು ಹಿಡಿದು, ಅದರ ಹಿಂದೆ ಯಾರು ಯಾರು ದುಡಿಯುತ್ತಾರೆ ಎಂದು ಹಂತ ಹಂತವಾಗಿ ಹುಡುಕುವುದು. ಮಂಗಳೂರಿನವರಿಗೆ ಮಲೇರಿಯಾಕ್ಕಿಂತ ಪರಿಚಿತವಾದ ಉದಾಹರಣೆ ಬೇಕಿಲ್ಲ. ಜ್ವರ ಬಂದವನ ಬೆರಳು ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ರಕ್ತವನ್ನು ತೆಳುವಾಗಿ ಎಳೆಯುವವರು ಆರೋಗ್ಯ ಕಾರ್ಯಕರ್ತರು. ಆ ಎಳೆತ ಸರಿಯಾಗಿರದಿದ್ದರೆ ಮುಂದಿನ ಯಾವ ಹಂತವೂ ಸರಿಯಾಗುವುದಿಲ್ಲ. ಅದಕ್ಕೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ನೋಡುವ ಲ್ಯಾಬ್ ಟೆಕ್ನೀಷಿಯನ್, ಕೆಂಪು ರಕ್ತಕಣದೊಳಗೆ ಉಂಗುರದಂತೆ ಕುಳಿತ ಪರಾವಲಂಬಿಯನ್ನು ಗುರುತಿಸುವುದಷ್ಟೇ ಅಲ್ಲ, ಅದು ವೈವಾಕ್ಸ್ ಜಾತಿಯದೋ ಫಾಲ್ಸಿಪಾರಂ ಜಾತಿಯದೋ ಎಂದು ಹೇಳಬೇಕು, ಏಕೆಂದರೆ ಎರಡಕ್ಕೂ ಚಿಕಿತ್ಸೆ ಬೇರೆ. ವೈವಾಕ್ಸ್ ಆಗಿದ್ದರೆ ವೈದ್ಯರು ಸಾಮಾನ್ಯವಾಗಿ 3 ದಿನ ಕ್ಲೋರೋಕ್ವಿನ್, 14 ದಿನ ಪ್ರೈಮಾಕ್ವಿನ್ ಬರೆಯುತ್ತಾರೆ. ಜ್ವರ ಇಳಿದ ಮೇಲೂ ಇಷ್ಟು ದಿನ ಮಾತ್ರೆ ಏಕೆ ಎಂದರೆ, ಈ ಪರಾವಲಂಬಿ ಯಕೃತ್ತಿನಲ್ಲಿ ಸುಪ್ತವಾಗಿ ಉಳಿದು ತಿಂಗಳುಗಳ ನಂತರ ಮತ್ತೆ ಏಳಬಲ್ಲದು. ನಾಲ್ಕನೆಯ ದಿನವೇ ಮಾತ್ರೆ ಬಿಡುವವರಿಗೆ ಇದನ್ನು ಮನವರಿಕೆ ಮಾಡಿಕೊಡುವ ಹೊಣೆ ಫಾರ್ಮಸಿಸ್ಟ್ ಮತ್ತು ದಾದಿಯರದ್ದು. ಗರ್ಭಿಣಿಗೆ ಪ್ರೈಮಾಕ್ವಿನ್ ಕೊಡಬಾರದು ಎಂಬುದನ್ನು ಮತ್ತೊಮ್ಮೆ ನೋಡಿ ಖಚಿತಪಡಿಸಿಕೊಳ್ಳುವುದೂ ಅವರೇ.

ಇಷ್ಟರಲ್ಲಿ ರೋಗಿಯ ಕಥೆ ಮುಗಿಯಿತು, ಊರಿನ ಕಥೆ ಮುಗಿಯಲಿಲ್ಲ. ನಗರಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆ ಕೊಳಚೆಯಲ್ಲಿ ಅಲ್ಲ, ತಾರಸಿಯ ಟ್ಯಾಂಕಿ, ಕಟ್ಟುತ್ತಿರುವ ಕಟ್ಟಡದಲ್ಲಿ ನಿಂತ ನೀರು ಇಂಥ ಸ್ವಚ್ಛ ಜಾಗಗಳಲ್ಲಿ ಮೊಟ್ಟೆಯಿಡುತ್ತದೆ. ಕಟ್ಟಡಗಳು ಎದ್ದಂತೆಲ್ಲ ಮಂಗಳೂರಿನಲ್ಲಿ ಮಲೇರಿಯಾ ಬೇರೂರಿದ್ದರ ಹಿಂದೆ ಈ ಕಾರಣವೂ ಇದೆ. ಲಾರ್ವಾ ಹುಡುಕಿ ಜಾತಿ ಗುರುತಿಸುವುದು ಕೀಟಶಾಸ್ತ್ರ ಕಲಿತವರ ಕೆಲಸ. ಯಾವ ವಾರ್ಡಿನಲ್ಲಿ ಎಷ್ಟು ಪ್ರಕರಣ ಎಂದು ದಾಖಲಿಸಿ, ಮುಂದಿನ ವಾರ ಎಲ್ಲಿಗೆ ಹೋಗಬೇಕೆಂದು ಹೇಳುವುದು ಸಾರ್ವಜನಿಕ ಆರೋಗ್ಯ ಮತ್ತು ಸಂಖ್ಯಾಶಾಸ್ತ್ರ ಕಲಿತವರ ಕೆಲಸ. 2015ರಲ್ಲಿ ಮಂಗಳೂರಿನಲ್ಲಿ ಮಲೇರಿಯಾ ನಿಯಂತ್ರಣಕ್ಕೆಂದೇ ತಂತ್ರಾಂಶವೊಂದನ್ನು ಜಾರಿಗೆ ತಂದು, ಕಾರ್ಯಕರ್ತರ ಕೈಗೆ ಟ್ಯಾಬ್ಲೆಟ್ ಕೊಟ್ಟು, ವರದಿಯಾದ ಪ್ರತಿ ಪ್ರಕರಣದ ಮನೆಯನ್ನು ಗುರುತಿಸುವ ವ್ಯವಸ್ಥೆ ಬಂದಿತು. ಈಗ ಮಕ್ಕಳಿಂದಲೇ ಲೆಕ್ಕ ಮಾಡಿಸಿ: ಒಂದು ಜ್ವರದ ಹಿಂದೆ ಎಷ್ಟು ಜನ, ಅವರಲ್ಲಿ ವೈದ್ಯರು ಎಷ್ಟು ಮಂದಿ? ಈ ಲೆಕ್ಕ ಒಮ್ಮೆ ಮನಸ್ಸಿಗೆ ಬಂದರೆ ಡಾಕ್ಟರ್ ಇಲ್ಲವೇ ನರ್ಸ್ ಎಂಬ ಎರಡೇ ಉತ್ತರಗಳ ಗೋಡೆ ತಾನಾಗಿ ಒಡೆಯುತ್ತದೆ. ಗದ್ದೆಯಲ್ಲಿ ದುಡಿಯುವ ಮನೆಗಳ ಮಕ್ಕಳಿದ್ದರೆ ಇಲಿಜ್ವರವನ್ನೂ ಹೀಗೆಯೇ ಬಿಡಿಸಿ ನೋಡಬಹುದು.

ದೊಡ್ಡ ಮಕ್ಕಳಿಗೆ ಇನ್ನೊಂದು ಘಟನೆಯನ್ನು ತಪ್ಪದೆ ಹೇಳಿ. 2018ರ ಮೇ ತಿಂಗಳಲ್ಲಿ ಕೇರಳದ ಕೋಝಿಕ್ಕೋಡ್ ಜಿಲ್ಲೆಯಲ್ಲಿ ಒಂದೇ ಮನೆಯವರು ಒಬ್ಬರ ಹಿಂದೊಬ್ಬರು ಜ್ವರದಿಂದ ಸತ್ತಾಗ, ಲಕ್ಷಣಗಳನ್ನು ಕಂಡು ಅನುಮಾನಪಟ್ಟ ವೈದ್ಯರು ಮಾದರಿಗಳನ್ನು ಕಳುಹಿಸಿದ್ದು ನಮ್ಮ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ. ಅದು ನಿಪಾ ಎಂದು ಅಲ್ಲಿ ಪತ್ತೆಯಾಯಿತು, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಅದನ್ನು ದೃಢಪಡಿಸಿತು. ಬೇಗ ಗೊತ್ತಾದುದರಿಂದ ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಬೇಗ ಪ್ರತ್ಯೇಕಿಸಲು ಸಾಧ್ಯವಾಯಿತು. ಅದೇ ಹೊತ್ತಿನಲ್ಲಿ, ಮೊದಲ ರೋಗಿಗಳ ಆರೈಕೆ ಮಾಡಿದ ಪೇರಾಂಬ್ರ ತಾಲೂಕು ಆಸ್ಪತ್ರೆಯ ದಾದಿ ಲಿನಿ ಪುದುಶ್ಶೇರಿ ಅದೇ ಸೋಂಕಿಗೆ ಬಲಿಯಾದರು. ಈ ಒಂದು ಘಟನೆಯಲ್ಲಿ ಪ್ರಯೋಗಾಲಯದ ಕೆಲಸದ ಬೆಲೆಯೂ ಇದೆ, ಶುಶ್ರೂಷೆಯ ಅಪಾಯವೂ ಇದೆ. ಅಪಾಯವನ್ನು ಮುಚ್ಚಿಟ್ಟು ಸೇವೆಯನ್ನು ಮಾತ್ರ ಹೊಗಳುವುದು ಮಕ್ಕಳಿಗೆ ಮಾಡುವ ಅನ್ಯಾಯ. ಕೈಗವಸು, ಮುಖಗವಸು, ಸೋಂಕು ನಿಯಂತ್ರಣ ಎಂಬುವು ಏಕೆ ಒಂದು ಪೂರ್ಣ ವಿದ್ಯೆಯಾಗಿ ಬೆಳೆದಿವೆ ಎಂಬುದನ್ನು ಅಲ್ಲಿಂದಲೇ ವಿವರಿಸಿ.

ನೀವು ವಿಜ್ಞಾನ ಶಿಕ್ಷಕಿಯಾಗಿರುವುದರಿಂದ ನಿಮಗೆ ಇನ್ನೊಂದು ಅನುಕೂಲವಿದೆ. ಹತ್ತನೆಯ ತರಗತಿಯ ಜೀವಕ್ರಿಯೆಗಳ ಪಾಠದಲ್ಲಿ ಕೃತಕ ಮೂತ್ರಪಿಂಡದ ವಿವರಣೆ ಇದೆ. ಆರೋಗ್ಯವಂತ ವಯಸ್ಕರ ಮೂತ್ರಪಿಂಡಗಳಲ್ಲಿ ದಿನಕ್ಕೆ ಸುಮಾರು 180 ಲೀಟರ್ ಸೋಸಿದರೂ ಹೊರಹೋಗುವುದು ಒಂದೆರಡು ಲೀಟರ್ ಮಾತ್ರ ಎಂಬ ಅಂಕಿಯನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಅದೇ ಪಾಠದ ಕೊನೆಗೆ ಡಯಾಲಿಸಿಸ್ ಟೆಕ್ನೀಷಿಯನ್‌ನ ದಿನಚರಿಯನ್ನು ಹೇಳಿ: ರೋಗಿ ವಾರಕ್ಕೆ ಎರಡು ಮೂರು ಬಾರಿ ಬಂದು, ಪ್ರತಿ ಸಲ ಸುಮಾರು ನಾಲ್ಕು ತಾಸು ಯಂತ್ರದ ಪಕ್ಕದಲ್ಲಿ ಮಲಗುತ್ತಾನೆ. ಅಷ್ಟೂ ಹೊತ್ತು ಅವನ ರಕ್ತದೊತ್ತಡ, ಯಂತ್ರದ ಒತ್ತಡ, ನೀರಿನ ಶುದ್ಧತೆ ಎಲ್ಲವನ್ನೂ ಗಮನಿಸುವ ಈ ಮನುಷ್ಯ ವರ್ಷಗಟ್ಟಲೆ ಅದೇ ರೋಗಿಗಳನ್ನು ಕಾಣುವುದರಿಂದ ಅವರ ಮನೆಯವರಂತೆಯೇ ಆಗುತ್ತಾನೆ. ಒಂಬತ್ತನೆಯ ತರಗತಿಯ ಶಬ್ದದ ಪಾಠದಿಂದ ಅಲ್ಟ್ರಾಸೌಂಡ್‌ಗೆ ಹೋಗಬಹುದು, ಶ್ರವಣ ಮತ್ತು ವಾಕ್ ಚಿಕಿತ್ಸೆಗೂ ಹೋಗಬಹುದು. ಆ ವಿದ್ಯೆಗೆಂದೇ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಾನವನ ಕಣ್ಣಿನ ಪಾಠದ ಸಮೀಪದೃಷ್ಟಿ, ದೂರದೃಷ್ಟಿಗಳ ಚಿತ್ರವನ್ನು ಬಿಡಿಸುವ ಹುಡುಗಿಗೆ ಅದೇ ಲೆಕ್ಕವನ್ನು ವೃತ್ತಿಯಾಗಿ ಮಾಡುವ ಆಪ್ಟೊಮೆಟ್ರಿ ಎಂಬ ನಾಲ್ಕು ವರ್ಷಗಳ ಪದವಿ ಇದೆ ಎಂದು ಹೇಳಲು ಎರಡು ನಿಮಿಷ ಸಾಕು. ಹೀಗೆ ಪಾಠದ ಒಳಗಿನಿಂದಲೇ ವೃತ್ತಿಯ ಮಾತು ಬಂದರೆ, ಪ್ರತ್ಯೇಕ ಅವಧಿಯನ್ನು ಹುಡುಕುವ ಕಷ್ಟವೂ ಇಲ್ಲ.

ಹಣ ಖರ್ಚಿಲ್ಲದೆ ಮಾಡಬಹುದಾದ ಪ್ರಯೋಗಗಳು ಹಲವು. ದೈಹಿಕ ಶಿಕ್ಷಣದ ಅವಧಿಯಲ್ಲಿ ಮಕ್ಕಳು ತಮ್ಮ ನಾಡಿಯನ್ನು ಓಡುವ ಮೊದಲು, ಓಡಿದ ಕೂಡಲೇ, ಐದು ನಿಮಿಷಗಳ ನಂತರ ಎಣಿಸಿ ನಕ್ಷೆ ಬಿಡಿಸಲಿ. ಯಾರ ನಾಡಿ ಬೇಗ ಮೊದಲಿನ ಸ್ಥಿತಿಗೆ ಮರಳುತ್ತದೆ, ಏಕೆ ಎಂಬ ಪ್ರಶ್ನೆ ಹುಟ್ಟಿದಲ್ಲಿ ಫಿಸಿಯೋಥೆರಪಿಯ ಮೊದಲ ಪಾಠ ಆಗಿಹೋಯಿತು. ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಟೀ ಚಮಚೆ ಸಕ್ಕರೆ, ಅರ್ಧ ಮಟ್ಟ ಟೀ ಚಮಚೆ ಉಪ್ಪು ಬೆರೆಸಿ ಜೀವಜಲ ತಯಾರಿಸುವಾಗ, ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯವೇಕೆ ಎಂದು ಕೇಳಿ. ಅಳತೆಯ ಶಿಸ್ತು ಎಂದರೇನು ಎಂಬುದು ಔಷಧಶಾಸ್ತ್ರದ ಪುಸ್ತಕ ತೆರೆಯುವ ಮೊದಲೇ ತಿಳಿಯುತ್ತದೆ. ವಾರಕ್ಕೊಮ್ಮೆ ಶಾಲೆಯಲ್ಲಿ ನುಂಗುವ ನೀಲಿ ಕಬ್ಬಿಣಾಂಶದ ಮಾತ್ರೆ ಖಾಲಿ ಹೊಟ್ಟೆಗೆ ಏಕೆ ಬೇಡ, ಅದರ ಜೊತೆಗೆ ಚಹಾ ಏಕೆ ಬೇಡ ಎಂಬುದು ಆಹಾರತಜ್ಞರ ವಿಷಯ. ಬೆರಳು ಚುಚ್ಚಿ ರಕ್ತದ ಗುಂಪು ನೋಡುವುದನ್ನು ಮಾತ್ರ ಶಾಲೆಯಲ್ಲಿ ನೀವಾಗಿ ಮಾಡಬೇಡಿ. ಪೋಷಕರ ಒಪ್ಪಿಗೆ ಪಡೆದು, ಆರೋಗ್ಯ ಕೇಂದ್ರದ ಟೆಕ್ನೀಷಿಯನ್ ಬಂದು, ಮಗುವಿಗೊಂದು ಹೊಸ ಸೂಜಿ ಬಳಸಿ, ಬಳಸಿದ್ದನ್ನು ಸರಿಯಾಗಿ ವಿಲೇವಾರಿ ಮಾಡುವುದಾದರೆ ಮಾತ್ರ ಆಗಬಹುದು.

ಶಾಲೆಗೇ ಬರುವ ತಜ್ಞರನ್ನು ನಾವು ಬಳಸಿಕೊಳ್ಳದಿರುವುದು ನನಗೆ ಬೇಸರದ ಸಂಗತಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಆರಂಭವಾದಂದಿನಿಂದ, ಹದಿನೆಂಟರವರೆಗಿನ ಮಕ್ಕಳ ತಪಾಸಣೆಗೆ ಆಯುಷ್ ವೈದ್ಯರು, ದಾದಿ, ಫಾರ್ಮಸಿಸ್ಟ್ ಇತ್ಯಾದಿ ಸಿಬ್ಬಂದಿಯ ತಂಡ ಸರಕಾರಿ ಶಾಲೆಗಳಿಗೆ ಬರುತ್ತದೆ. ತೂಕ, ಎತ್ತರ, ಕಣ್ಣು, ಹಲ್ಲು ನೋಡಿ ಹೋಗುತ್ತಾರೆ, ನಾವು ಸಾಲಿನಲ್ಲಿ ಮಕ್ಕಳನ್ನು ನಿಲ್ಲಿಸಿ ಮುಗಿಸುತ್ತೇವೆ. ಮುಂದಿನ ಸಲ ತಂಡದ ಪ್ರತಿಯೊಬ್ಬರನ್ನೂ ಹತ್ತು ನಿಮಿಷ ಮಾತನಾಡಲು ಕೇಳಿಕೊಳ್ಳಿ: ಏನು ಓದಿದಿರಿ, ಪಿಯುಸಿಯಲ್ಲಿ ಎಷ್ಟು ಅಂಕ ಬಂದಿತ್ತು, ಈ ಕೆಲಸದಲ್ಲಿ ಕಷ್ಟವೇನು? ಆಶಾ ಕಾರ್ಯಕರ್ತೆ, 108 ಆಂಬುಲೆನ್ಸ್‌ನ ತುರ್ತು ತಂತ್ರಜ್ಞರಂಥವರನ್ನೂ ಹಾಗೆಯೇ ಕರೆಯಬಹುದು. ದೊಡ್ಡ ಆಸ್ಪತ್ರೆಯ ಹೆಸರಾಂತ ವೈದ್ಯರ ಭಾಷಣಕ್ಕಿಂತ, ನಮ್ಮದೇ ಶಾಲೆಯಲ್ಲಿ ಓದಿ ಈಗ ಎಕ್ಸ್-ರೇ ವಿಭಾಗದಲ್ಲಿರುವ ಹಳೆ ವಿದ್ಯಾರ್ಥಿಯ ಅರ್ಧ ಗಂಟೆಯ ಮಾತು ಮಕ್ಕಳಿಗೆ ಹೆಚ್ಚು ಹತ್ತಿರವಾಗುತ್ತದೆ ಎಂಬುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಹೊರಗೆ ಕರೆದೊಯ್ಯುವುದಾದರೆ ಮಣಿಪಾಲದ ಅಂಗರಚನಾ ಮತ್ತು ರೋಗಶಾಸ್ತ್ರ ವಸ್ತುಸಂಗ್ರಹಾಲಯಕ್ಕೆ ಸಮನಾದುದು ನಮ್ಮ ಜಿಲ್ಲೆಗಳಲ್ಲಿ ಇನ್ನೊಂದಿಲ್ಲ. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಆರಂಭಿಸಿದ ಕಸ್ತೂರಬಾ ಮೆಡಿಕಲ್ ಕಾಲೇಜಿನ ಈ ಸಂಗ್ರಹವನ್ನು ಸಾರ್ವಜನಿಕರೂ ನೋಡಬಹುದು. ಆರೋಗ್ಯವಂತ ಶ್ವಾಸಕೋಶವನ್ನು ನೋಡಿದ ಕಣ್ಣಿಗೆ ರೋಗಪೀಡಿತ ಶ್ವಾಸಕೋಶವೂ ಅಲ್ಲಿ ಕಾಣಸಿಗುತ್ತದೆ. ಆದರೆ ಅಲ್ಲಿರುವುವು ನಿಜವಾದ ಮಾನವ ಅಂಗಗಳು ಎಂಬುದನ್ನು ಹಿಂದಿನ ದಿನವೇ ಮಕ್ಕಳಿಗೆ ತಿಳಿಸಿ, ನೋಡಲಾರೆ ಎಂದವರನ್ನು ಒತ್ತಾಯಿಸಬೇಡಿ, ದೇಹದಾನದ ಬಗ್ಗೆ ಅಲ್ಲಿಯೇ ನಾಲ್ಕು ಮಾತು ಆಡಿ. ಮೊಬೈಲ್ ಹೊರತೆಗೆದು ನಗುತ್ತ ಚಿತ್ರ ತೆಗೆಯುವ ಜಾಗ ಅದಲ್ಲ.

ಆಸ್ಪತ್ರೆಗೆ ಹೋಗುವಾಗ ನಲವತ್ತು ಮಕ್ಕಳನ್ನು ವಾರ್ಡಿನೊಳಗೆ ನುಗ್ಗಿಸುವುದು ರೋಗಿಗಳ ಗೌರವಕ್ಕೂ ಆರೋಗ್ಯಕ್ಕೂ ಒಳ್ಳೆಯದಲ್ಲ. ರೋಗಿಗಳಿಲ್ಲದ ವಿಭಾಗಗಳನ್ನು ಕೇಳಿ ನೋಡಿ: ಪ್ರಯೋಗಾಲಯ, ಔಷಧ ವಿಭಾಗ, ದಾಖಲೆಗಳ ಕೋಣೆ, ರೋಗಿಗಳಿಗೆ ಅಡುಗೆ ಮಾಡುವ ಆಹಾರ ವಿಭಾಗ. ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ಕ್ರಿಮಿಮುಕ್ತಗೊಳಿಸುವ ವಿಭಾಗವಂತೂ ಮಕ್ಕಳಿಗೆ ಬಹಳ ಹಿಡಿಸುತ್ತದೆ. ಅಲ್ಲಿನ ಆಟೋಕ್ಲೇವ್ ನಮ್ಮ ಅಡುಗೆಮನೆಯ ಪ್ರೆಶರ್ ಕುಕ್ಕರಿನ ತತ್ತ್ವದಲ್ಲೇ ಕೆಲಸ ಮಾಡುತ್ತದೆ: ಒತ್ತಡ ಹೆಚ್ಚಿದಾಗ ಹಬೆ 121 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ, ಬರೀ ಕುದಿಯುವ ನೀರಿಗೆ ಸಾಯದ ಬ್ಯಾಕ್ಟೀರಿಯಾದ ಬೀಜಕಗಳು ಆ ಶಾಖಕ್ಕೆ ಸಾಯುತ್ತವೆ.

ಎಲ್ಲ ತೋರಿಸಿದ ಮೇಲೆ ಯಾವ ಮಗುವಿಗೆ ಯಾವುದು ಎಂಬ ಪ್ರಶ್ನೆ ಬರುತ್ತದೆ. ಇಲ್ಲಿ ನಮ್ಮೆಲ್ಲರ ರೂಢಿ ಅಂಕಗಳಿಂದ ಶ್ರೇಣಿ ಕಟ್ಟುವುದು: ಹೆಚ್ಚು ಅಂಕದವರು ಎಂ.ಬಿ.ಬಿ.ಎಸ್., ಅದು ಸಿಗದವರು ದಂತವೈದ್ಯಕೀಯ ಅಥವಾ ಆಯುರ್ವೇದ, ಅದೂ ಇಲ್ಲದವರು ಉಳಿದದ್ದು. ಉಡುಪಿಯ ಕುತ್ಪಾಡಿಯಲ್ಲಿ ಆಯುರ್ವೇದವನ್ನೇ ಬಯಸಿ ಸೇರಿದವರಿಗೂ, ಮಾತು ಬಾರದ ಮಕ್ಕಳಿಗೆ ಮಾತು ಕಲಿಸಬೇಕೆಂದೇ ವಾಕ್ ಚಿಕಿತ್ಸೆ ಕಲಿತವರಿಗೂ ಈ ಶ್ರೇಣಿ ಅವಮಾನ. ಅಂಕಗಳ ಬದಲು ಸ್ವಭಾವವನ್ನು ಗಮನಿಸಿ. ಕೈಕುಶಲಿಯಾದ, ಸೈಕಲ್ ಬಿಚ್ಚಿ ಜೋಡಿಸುವ ಹುಡುಗನಿಗೆ ಕೃತಕ ಕಾಲು ತಯಾರಿಸುವ ಪ್ರಾಸ್ಥೆಟಿಕ್ಸ್ ಒಪ್ಪಬಹುದು. ತಾಳ್ಮೆಯಿಂದ ಒಂದೇ ಕೆಲಸವನ್ನು ನೂರು ಸಲ ಮಾಡಿಸಬಲ್ಲ ಹುಡುಗಿಗೆ, ರೋಗಿಗಳಿಗೆ ದಿನನಿತ್ಯದ ಕೆಲಸಗಳನ್ನು ರೂಢಿ ಮಾಡಿಸುವ ಆಕ್ಯುಪೇಷನಲ್ ಥೆರಪಿ ಒಪ್ಪಬಹುದು. ಅಚ್ಚುಕಟ್ಟಾಗಿ ದಾಖಲೆ ಬರೆಯುವ, ಗುಂಪಿನಿಂದ ದೂರವಿರುವ ಮಗುವಿಗೆ ಪ್ರಯೋಗಾಲಯ ಹಿತವಾದೀತು. ಹುಡುಗರಿಗೆ ನರ್ಸಿಂಗ್ ಹೇಳಿದರೆ ಮನೆಯವರು ಮುಖ ಸಿಂಡರಿಸುವುದನ್ನು ನಾನು ಬಲ್ಲೆ. ತುರ್ತು ವಿಭಾಗಗಳಲ್ಲೂ ತೀವ್ರ ನಿಗಾ ಘಟಕಗಳಲ್ಲೂ ದುಡಿಯುವ ಪುರುಷ ದಾದಿಯೊಬ್ಬರನ್ನು ಅಂಥ ಮನೆಯವರ ಮುಂದೆ ಮಾತನಾಡಿಸುವುದೇ ಅದಕ್ಕೆ ಉತ್ತರ. ವೈದ್ಯಕೀಯವನ್ನೇ ನಿಜವಾಗಿ ಬಯಸುವವರಿಗೆ ನೀಟ್ ಎಂದರೆ 180 ಪ್ರಶ್ನೆ, 720 ಅಂಕ, ಅದರಲ್ಲಿ ಅರ್ಧ ಜೀವಶಾಸ್ತ್ರ ಎಂದು ತಿಳಿಸಿ. ಆದರೆ ಎಂಟನೆಯ ತರಗತಿಯಿಂದಲೇ ಅದರ ಕೋಚಿಂಗಿಗೆ ಸೇರಿಸುವುದನ್ನು ನಾನು ಒಪ್ಪುವುದಿಲ್ಲ. ಆ ವಯಸ್ಸಿನಲ್ಲಿ ಪಠ್ಯವನ್ನು ಅರ್ಥಮಾಡಿಕೊಂಡು ಓದುವುದೇ ಸಿದ್ಧತೆ.

ರಕ್ತ ಕಂಡು ತಲೆ ತಿರುಗುವ ಮಕ್ಕಳ ಬಗ್ಗೆ ಕೇಳಿದ್ದೀರಿ. ಅದು ಹೇಡಿತನವಲ್ಲ, ಶರೀರದ ಒಂದು ಪ್ರತಿವರ್ತನೆ: ನಾಡಿ ನಿಧಾನವಾಗಿ, ರಕ್ತದೊತ್ತಡ ದಿಢೀರನೆ ಇಳಿದು, ಮಿದುಳಿಗೆ ಹೋಗುವ ರಕ್ತ ಕ್ಷಣಕಾಲ ಕಡಿಮೆಯಾಗುತ್ತದೆ. ಹದಿಹರೆಯದಲ್ಲಿ ಇದು ಸಾಮಾನ್ಯ. ಹಂತ ಹಂತವಾಗಿ ರೂಢಿಯಾದಂತೆ ಬಹಳ ಮಂದಿಗೆ ಕಡಿಮೆಯಾಗುತ್ತದೆ, ತೊಡೆ ಮತ್ತು ತೋಳಿನ ಸ್ನಾಯುಗಳನ್ನು ಬಿಗಿಹಿಡಿಯುವ ಅಭ್ಯಾಸದಿಂದ ತಡೆಯಲೂ ಆಗುತ್ತದೆ. ವೈದ್ಯಕೀಯ ಓದುವವರಲ್ಲೂ ಮೊದಲ ಸಲ ಶಸ್ತ್ರಚಿಕಿತ್ಸೆ ನೋಡುವಾಗ ಕುಸಿದವರಿದ್ದಾರೆ. ಆದುದರಿಂದ ಇದೊಂದೇ ಕಾರಣಕ್ಕೆ ಯಾವ ಮಗುವಿನ ಹೆಸರನ್ನೂ ಪಟ್ಟಿಯಿಂದ ಹೊಡೆದುಹಾಕಬೇಡಿ. ಹಾಗೂ ಭಯ ಹೋಗದಿದ್ದರೆ ಶ್ರವಣ ಪರೀಕ್ಷೆ, ಕಣ್ಣಿನ ಪರೀಕ್ಷೆ, ಆಹಾರಶಾಸ್ತ್ರ, ಆರೋಗ್ಯ ದಾಖಲೆಗಳ ನಿರ್ವಹಣೆ ಇವುಗಳಲ್ಲಿ ರಕ್ತದ ಪ್ರಸಂಗ ಬರುವುದೇ ಅಪರೂಪ.

ಇನ್ನು ಹಣದ ಮಾತು. ಮಂಗಳೂರು, ಮಣಿಪಾಲಗಳ ಹೆಚ್ಚಿನ ಕಾಲೇಜುಗಳು ಖಾಸಗಿಯವು. ಶುಲ್ಕ ಕೂಲಿ ಮಾಡುವ ಮನೆಗೆ ಎಟಕುವಂಥದ್ದಲ್ಲ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡಿ. ಅದರ ಜೊತೆಗೇ, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಹಂಚಿಕೆಯಾಗುವ ಸರಕಾರಿ ಕೋಟಾದ ಸೀಟುಗಳು, ವಿದ್ಯಾರ್ಥಿವೇತನ, ಶೈಕ್ಷಣಿಕ ಸಾಲ ಇವೆಲ್ಲ ಇವೆ ಎಂಬುದನ್ನೂ ಹೇಳಿ. ಜಾತಿ ಮತ್ತು ಆದಾಯ ಪ್ರಮಾಣಪತ್ರ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ವ್ಯಾಸಂಗ ಪ್ರಮಾಣಪತ್ರಗಳನ್ನು ಮೊದಲೇ ಮಾಡಿಸಿಟ್ಟರೆ ಸೀಟು ಹಂಚಿಕೆಯ ಹೊತ್ತಿಗೆ ಓಡಾಟ ತಪ್ಪುತ್ತದೆ. ಖಾಸಗಿ ಆಸ್ಪತ್ರೆಗಳಲ್ಲಿ ಆರಂಭದ ಸಂಬಳ ಕಡಿಮೆ, ಸರಕಾರದಲ್ಲೂ ಹಲವು ಹುದ್ದೆಗಳು ಗುತ್ತಿಗೆಯವು, ರಾತ್ರಿ ಪಾಳಿ ಅನಿವಾರ್ಯ. ಗಲ್ಫ್ ದೇಶಗಳಲ್ಲಿ ಅಥವಾ ಜರ್ಮನಿಯಲ್ಲಿ ದಾದಿಯರಿಗೆ ಬೇಡಿಕೆ ಇರುವುದು ನಿಜ. ಆದರೆ ಗಲ್ಫಿಗೆ ಅಲ್ಲಿನ ಪರವಾನಗಿ ಪರೀಕ್ಷೆಯನ್ನು ದಾಟಬೇಕು, ಜರ್ಮನಿಗೆ ಆ ಭಾಷೆಯನ್ನು ಕಲಿಯಬೇಕು. ಏಜೆಂಟರು ಈ ಮಾತನ್ನು ಕೊನೆಗೆ ಹೇಳುತ್ತಾರೆ.

ಬಡ ಮನೆಗಳನ್ನು ಹೆಚ್ಚು ಕಾಡುವ ಅಪಾಯವೆಂದರೆ ಮಾನ್ಯತೆಯಿಲ್ಲದ ಕೋರ್ಸುಗಳು. ಆರು ತಿಂಗಳಲ್ಲಿ ನರ್ಸಿಂಗ್, ಮನೆಯಲ್ಲೇ ಕುಳಿತು ಲ್ಯಾಬ್ ಟೆಕ್ನಾಲಜಿ ಎಂಬ ಭಿತ್ತಿಪತ್ರಗಳು ಬಸ್ ನಿಲ್ದಾಣಗಳಲ್ಲಿ ಕಾಣುತ್ತವೆ. ಜಿ.ಎನ್.ಎಂ.ಗೆ 3 ವರ್ಷ, ಬಿ.ಎಸ್ಸಿ. ನರ್ಸಿಂಗಿಗೆ 4 ವರ್ಷ ಬೇಕೇ ಬೇಕು. 2021ರ ರಾಷ್ಟ್ರೀಯ ಅಲೈಡ್ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯಿದೆಯು, ಈವರೆಗೆ ಪ್ಯಾರಾಮೆಡಿಕಲ್ ಎಂದು ಒಂದೇ ಗಂಟು ಕಟ್ಟುತ್ತಿದ್ದ ಕೆಲಸಗಳನ್ನು 10 ವರ್ಗಗಳಲ್ಲಿ ವೃತ್ತಿಗಳೆಂದು ಗುರುತಿಸಿದೆ. ಅದರ ಪ್ರಕಾರ ಟೆಕ್ನೀಷಿಯನ್‌ಗಳಂಥ ಅಲೈಡ್ ಹೆಲ್ತ್ ವೃತ್ತಿಪರರಿಗೆ ಕನಿಷ್ಠ 2,000 ಗಂಟೆ, ಪದವಿ ಪಡೆದ ಆರೋಗ್ಯ ವೃತ್ತಿಪರರಿಗೆ ಕನಿಷ್ಠ 3,600 ಗಂಟೆಗಳ ಕಲಿಕೆ ಇರಬೇಕು. ನಿಯಮಗಳು ಈಗಲೂ ಬದಲಾಗುತ್ತಿರುವುದರಿಂದ ಅರ್ಹತೆ ಮತ್ತು ಪ್ರವೇಶ ಪರೀಕ್ಷೆಯನ್ನು ಆಯಾ ವರ್ಷದ ಅಧಿಸೂಚನೆಯಲ್ಲೇ ನೋಡಬೇಕು, ಅಣ್ಣನೋ ಅಕ್ಕನೋ ಸೇರಿದ ವರ್ಷದ ನೆನಪಿನಿಂದಲ್ಲ. ಹಣ ಕಟ್ಟುವ ಮೊದಲು ಪೋಷಕರು ಕೇಳಬೇಕಾದ ಪ್ರಶ್ನೆಗಳು ಮೂರು: ಪದವಿ ಅಥವಾ ಡಿಪ್ಲೊಮಾ ಕೊಡುವುದು ಯಾವ ವಿಶ್ವವಿದ್ಯಾಲಯ ಅಥವಾ ಮಂಡಳಿ, ಮುಗಿಸಿದ ಮೇಲೆ ಯಾವ ಪರಿಷತ್ತಿನಲ್ಲಿ ನೋಂದಣಿಯಾಗುತ್ತದೆ, ಪ್ರಾಯೋಗಿಕ ತರಬೇತಿ ಯಾವ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆಗಳಿರುವಲ್ಲಿ ನಡೆಯುತ್ತದೆ. ಈ ಮೂರಕ್ಕೂ ಬರಹದಲ್ಲಿ ಉತ್ತರ ಕೊಡದ ಸಂಸ್ಥೆಗೆ ಮುಂಗಡ ಕಟ್ಟುವುದು ಬೇಡ. ಇದನ್ನು ಹೇಳಲು ಪೋಷಕರ ಸಭೆಯನ್ನು ಜನವರಿಯೊಳಗೆ ಕರೆಯಿರಿ. ಫಲಿತಾಂಶದ ನಂತರ ಕರೆದರೆ ಅಷ್ಟರಲ್ಲಿ ಕೆಲವರು ಹಣ ಕಟ್ಟಿ ಆಗಿರುತ್ತದೆ.